ಮೊಬೈಲಿಗೊಬ್ಬ ಅಭ್ಯರ್ಥಿ

ಒಬ್ಬ ಅಭ್ಯರ್ಥಿ ಎಲ್ಲರೆದುರು ಒಂದೇ ಮಾತು ಹೇಳಬೇಕಾಗಿದ್ದ ಕಾಲದ ಕಷ್ಟಗಳನ್ನು ಇಂದಿನ ತಲೆಮಾರು ಊಹಿಸಲಾರದು. ಮೈದಾನದಲ್ಲಿ ನಿಂತು ತೆರಿಗೆ ಇಳಿಸುತ್ತೇನೆಂದರೆ ಅದು ವ್ಯಾಪಾರಿಗೂ ಕೇಳಿಸುತ್ತಿತ್ತು, ಆ ತೆರಿಗೆಯಿಂದಲೇ ಪಿಂಚಣಿ ಪಡೆಯುವ ವೃದ್ಧರಿಗೂ ಕೇಳಿಸುತ್ತಿತ್ತು. ಸಭೆ ಮುಗಿದ ಮೇಲೆ ಇಬ್ಬರೂ ಒಂದೇ ದಾರಿಯಲ್ಲಿ ಮಾತನಾಡಿಕೊಂಡು ಮನೆಗೆ ಹೋಗುವ ಅಪಾಯ ಬೇರೆ. ಯಾರಿಗೆ ಏನು ಕೇಳಿಸಬೇಕೆಂಬ ವಿವೇಚನೆ ಧ್ವನಿವರ್ಧಕಕ್ಕೆ ಇರಲಿಲ್ಲ. ಮೊಬೈಲಿಗೆ ಅದು ಧಾರಾಳವಾಗಿದೆ. ವ್ಯಾಪಾರಿಗೆ ತೆರಿಗೆ ಇಳಿಸುವ ವಿಡಿಯೊ, ವೃದ್ಧರಿಗೆ ಪಿಂಚಣಿ ಏರಿಸುವ ವಿಡಿಯೊ ಪ್ರತ್ಯೇಕವಾಗಿ ತಲುಪುತ್ತವೆ. ಲೆಕ್ಕ ಕೂಡಿಸಿ ನೋಡಬಲ್ಲ ಅರ್ಥಶಾಸ್ತ್ರಜ್ಞರಿಗೆ ಮುಂಜಾನೆಯ ಸೂರ್ಯ ಮತ್ತು ಹಿನ್ನೆಲೆ ಸಂಗೀತ ಮಾತ್ರ ಇರುವ ವಿಡಿಯೊ ತಲುಪುತ್ತದೆ.

ಈ ವಿದ್ಯೆಗೆ ಗುರುಪರಂಪರೆ ಇಲ್ಲದಿಲ್ಲ. 1952ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಐಸೆನ್‌ಹೋವರ್ ಅವರು ಸಾಮಾನ್ಯ ನಾಗರಿಕರ ಪ್ರಶ್ನೆಗಳಿಗೆ ಉತ್ತರಿಸುವ ಕಿರು ಜಾಹೀರಾತುಗಳು ಟಿವಿಯಲ್ಲಿ ಪ್ರಸಾರವಾದವು. ಅಭ್ಯರ್ಥಿ ಮೊದಲು ಸ್ಟುಡಿಯೊದಲ್ಲಿ ಕುಳಿತು ಉತ್ತರಗಳನ್ನೆಲ್ಲ ಹೇಳಿ ಮುಗಿಸಿದರು. ಆ ಉತ್ತರಗಳಿಗೆ ತಕ್ಕ ಪ್ರಶ್ನೆಗಳನ್ನು ಕೇಳಲು ನಾಗರಿಕರನ್ನು ಆಮೇಲೆ ಕರೆತಂದು ಚಿತ್ರೀಕರಿಸಲಾಯಿತು. ಇಂದಿನ ತಂತ್ರಜ್ಞರು ಇದಕ್ಕೆ ಸೇರಿಸಿರುವುದು ಒಂದನ್ನೇ: ಈಗ ನಾಗರಿಕನನ್ನು ಸ್ಟುಡಿಯೊಗೆ ಕರೆಯುವ ಖರ್ಚೂ ಇಲ್ಲ, ಅವನ ಪ್ರಶ್ನೆ ಏನೆಂಬುದನ್ನು ಅವನ ಫೋನೇ ಮುಂಚಿತವಾಗಿ ತಿಳಿಸಿರುತ್ತದೆ.

ಇಂದಿನ ಚಿತ್ರೀಕರಣವನ್ನಂತೂ ಹತ್ತಿರದಿಂದ ನೋಡಬೇಕು. ಹಸಿರು ಪರದೆಯ ಮುಂದೆ ಅಭ್ಯರ್ಥಿ ನಿಂತಿರುತ್ತಾರೆ. ಹಿನ್ನೆಲೆಯಲ್ಲಿ ಆಮೇಲೆ ಹೊಲ ಬರಬಹುದು, ಕಾರ್ಖಾನೆ ಬರಬಹುದು, ಆಸ್ಪತ್ರೆಯ ಮಂಚವೂ ಬರಬಹುದು. ಹೊಲದಲ್ಲಿ ನಿಂತವರ ಕಾಲು ಮಂಚದೊಳಗೆ ಹೂತುಹೋಗಬಾರದೆಂದು ನೆಲಕ್ಕೆ ಟೇಪು ಅಂಟಿಸಿ ಪಾದಗಳ ಜಾಗವನ್ನು ಗುರುತು ಮಾಡಲಾಗಿರುತ್ತದೆ. ಟೆಲಿಪ್ರಾಂಪ್ಟರಿನಲ್ಲಿ ‘ನಿಮ್ಮ ಕಷ್ಟ ನನಗೆ ಗೊತ್ತು, ಏಕೆಂದರೆ ನಾನೂ’ ಎಂಬವರೆಗಿನ ಸಾಲು ಸ್ಥಿರ, ಮುಂದಿನದು ಮಾತ್ರ ಬದಲಾಗುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅವರು ರೈತನಿಗೆ, ಕಾರ್ಮಿಕನಿಗೆ, ಶಿಕ್ಷಕಿಗೆ ಮತ್ತು ಸೈನಿಕನಿಗೆ ಪ್ರತ್ಯೇಕವಾಗಿ ಜನಿಸಿ ಆಗಿರುತ್ತದೆ. ಪ್ರತಿ ಜನ್ಮದ ನಡುವೆ ಮೇಕಪ್ಪಿನವರು ಬಂದು ಅಂಗಿಯ ತೋಳು ಮಡಿಸುತ್ತಾರೆ ಅಥವಾ ಬಿಚ್ಚುತ್ತಾರೆ, ಕನ್ನಡಕ ಹಾಕುತ್ತಾರೆ ಅಥವಾ ತೆಗೆಯುತ್ತಾರೆ. ಮಾನಿಟರಿನ ಹಿಂದಿನಿಂದ ನಿರ್ದೇಶಕರು, “ಸರ್, ಈ ಟೇಕಿನಲ್ಲಿ ನೋವು ಸ್ವಲ್ಪ ಕಡಿಮೆ ಇರಲಿ, ಇದು ಇಪ್ಪತ್ತೈದರ ಒಳಗಿನವರಿಗೆ” ಎಂದು ವಿನಂತಿಸುತ್ತಾರೆ. ಆ ವಯಸ್ಸಿನವರು ವಿಡಿಯೊವನ್ನು ಮ್ಯೂಟ್ ಮಾಡಿಯೇ ನೋಡುವುದರಿಂದ, ನಾಯಕರು ಗಂಟಲು ಹರಿಯುವಂತೆ ಹೇಳಿದ್ದೆಲ್ಲ ಕೊನೆಗೆ ಹಳದಿ ಅಕ್ಷರಗಳ ಸಬ್‌ಟೈಟಲ್ ಆಗಿ ಓಡುತ್ತದೆ. ಹಾಗಿದ್ದ ಮೇಲೆ ತುಟಿ ಅಲುಗಿಸಿದ್ದರೂ ಸಾಕಿತ್ತಲ್ಲವೇ ಎಂದು ಕೇಳುವವರು ಚುನಾವಣೆಯ ಗಾಂಭೀರ್ಯವನ್ನು ಅರಿಯದವರು.

ತುಟಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 2020ರ ದೆಹಲಿ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಯ ಅಂದಿನ ರಾಜ್ಯಾಧ್ಯಕ್ಷ ಮನೋಜ್ ತಿವಾರಿ ಅವರು ಹರಿಯಾಣ್ವಿಯಲ್ಲಿ ಮಾತನಾಡುವ ವಿಡಿಯೊ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡಿತು. ಮುಖ ಅವರದು, ದನಿ ಕಂಠದಾನ ಕಲಾವಿದರದು, ತುಟಿಯ ಚಲನೆ ಕಂಪ್ಯೂಟರಿನದು. ಆದರೂ 70 ಸ್ಥಾನಗಳಲ್ಲಿ ಪಕ್ಷಕ್ಕೆ ದಕ್ಕಿದ್ದು 8. ಇಷ್ಟರಿಂದ ಈ ವಿದ್ಯೆಯನ್ನು ಹಗುರವಾಗಿ ಕಾಣಬಾರದು. ಕಂಪ್ಯೂಟರು ತನ್ನ ಕ್ಷೇತ್ರವಾದ ತುಟಿಯಲ್ಲಿ ಗೆದ್ದಿತ್ತು.

ಮನಸ್ಸಿನ ಕ್ಷೇತ್ರಕ್ಕೆ ಬೇರೆ ಪರಿಣತರಿದ್ದಾರೆ. ಮತದಾರರ ಸ್ವಭಾವವನ್ನು ಅಳೆದು ಪ್ರಚಾರ ರೂಪಿಸುತ್ತಿದ್ದ ಕೇಂಬ್ರಿಜ್ ಅನಲಿಟಿಕಾ ಸಂಸ್ಥೆಯ ಅಂದಿನ ಮುಖ್ಯಸ್ಥ ಅಲೆಕ್ಸಾಂಡರ್ ನಿಕ್ಸ್ ಅವರು 2016ರಲ್ಲಿ ನ್ಯೂಯಾರ್ಕಿನ ವೇದಿಕೆಯೊಂದರಲ್ಲಿ ಬಂದೂಕಿನ ಹಕ್ಕನ್ನು ಮಾರುವ ಬಗೆಯನ್ನು ವಿವರಿಸಿದ್ದರು: ಆತಂಕದ ಸ್ವಭಾವದವರಿಗೆ ಕಿಟಕಿಯ ಗಾಜು ಒಡೆಯುತ್ತಿರುವ ಕಳ್ಳನ ಕೈ, ಸಂಪ್ರದಾಯಸ್ಥರಿಗೆ ಮಗನೊಡನೆ ಬೇಟೆಗೆ ನಿಂತ ತಂದೆ. ಮತದಾರನು ಅಂಜುಬುರುಕನೋ ಪಿತೃವತ್ಸಲನೋ ಎಂಬುದು ಅವನ ಹೆಂಡತಿಗೆ ತಿಳಿಯುವ ಮುನ್ನವೇ ಪ್ರಚಾರ ಕಚೇರಿಗೆ ತಿಳಿದಿತ್ತೆಂದು ನಂಬಬೇಕು. ಈ ಮಂತ್ರ ಎಷ್ಟರಮಟ್ಟಿಗೆ ಫಲಿಸಿತೆಂಬುದರಲ್ಲಿ ಪಂಡಿತರಲ್ಲಿ ಇಂದಿಗೂ ಒಮ್ಮತವಿಲ್ಲ, ಶುಲ್ಕದ ಬಿಲ್ಲು ಫಲಿಸಿದ್ದರಲ್ಲಿ ಯಾರಿಗೂ ಸಂಶಯವಿಲ್ಲ.

ಆದರೆ ಕಲೆಯ ಶಿಖರವನ್ನು ಕಂಡದ್ದು 2024ರಲ್ಲಿ. ಅಮೆರಿಕದಲ್ಲಿ ಫ್ಯೂಚರ್ ಕೊಯಲಿಷನ್ ಪ್ಯಾಕ್ ಎಂಬ ಒಂದೇ ಗುಂಪು ಅಧ್ಯಕ್ಷೀಯ ಅಭ್ಯರ್ಥಿ ಕಮಲಾ ಹ್ಯಾರಿಸ್ ಅವರ ಬಗ್ಗೆ ಎರಡು ಬಗೆಯ ಜಾಹೀರಾತುಗಳನ್ನು ಹರಿಯಬಿಟ್ಟಿತು. ಮಿಷಿಗನ್ನಿನಲ್ಲಿ ಅರಬರೂ ಮುಸ್ಲಿಮರೂ ಹೆಚ್ಚಾಗಿರುವ ಕಡೆ, ಈಕೆ ಇಸ್ರೇಲಿನ ಪರ ಬಂಡೆಯಂತೆ ನಿಂತವರೆಂದು ಹೊಗಳುವ ಜಾಹೀರಾತು. ಪೆನ್ಸಿಲ್ವೇನಿಯಾದ ಯಹೂದಿಗಳಿರುವ ಕಡೆ, ಈಕೆ ಪ್ಯಾಲೆಸ್ಟೀನ್ ಪರದವರನ್ನು ಓಲೈಸುವವರೆಂದು ತೆಗಳುವ ಜಾಹೀರಾತು. ಹೊಗಳಿದ್ದೂ ಸೋಲಿಸಲಿಕ್ಕೆ, ತೆಗಳಿದ್ದೂ ಸೋಲಿಸಲಿಕ್ಕೆ. ತಮ್ಮ ಅಭ್ಯರ್ಥಿಗೆ ಹತ್ತು ಮುಖ ತೊಡಿಸುವವರನ್ನು ನಾವು ಕಂಡಿದ್ದೆವು. ಎದುರಾಳಿಗೂ ಉಚಿತವಾಗಿ ಎರಡು ಮುಖ ತೊಡಿಸುವ ಔದಾರ್ಯ ಹೊಸತು. ಇಷ್ಟಾದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಪತ್ರಕರ್ತರು ಕಲಾವಿದರ ಶ್ರಮವನ್ನು ಹಾಳುಗೆಡವಿದರು.

ಇಂಥ ಅರಸಿಕತೆ ಸರ್ಕಾರಗಳಿಗೂ ಅಂಟುತ್ತಿದೆ. ಯಾರು ಹಣ ಕೊಟ್ಟರು, ಯಾರನ್ನು ಗುರಿಯಾಗಿಸಿದಿರಿ ಎಂಬುದನ್ನು ಜಾಹೀರಾತಿನ ಜೊತೆಗೇ ತಿಳಿಸಬೇಕೆಂಬ ಐರೋಪ್ಯ ಒಕ್ಕೂಟದ ನಿಯಮ 2025ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಿತು. ಗೂಗಲ್ ಮತ್ತು ಮೆಟಾ ಕಂಪನಿಗಳು ನಿಯಮ ಪಾಲಿಸುವುದು ಬಹಳ ಜಟಿಲವೆಂದು ಅಲ್ಲಿ ರಾಜಕೀಯ ಜಾಹೀರಾತನ್ನೇ ನಿಲ್ಲಿಸಿದವು. ಯಾರ ಕಿವಿಯಲ್ಲಿ ಏನು ಹೇಳಿದೆ ಎಂಬುದನ್ನು ಜೋರಾಗಿ ಹೇಳಬೇಕೆಂದರೆ ಯಾವ ಮರ್ಯಾದಸ್ಥರು ತಾನೇ ಬಾಯಿ ತೆರೆದಾರು?

ನಿಯಮಕ್ಕಿಂತ ದೊಡ್ಡ ಕಂಟಕವೆಂದರೆ ಒಂದೇ ಫೋನನ್ನು ಗಂಡ ಹೆಂಡತಿ ಇಬ್ಬರೂ ಬಳಸುವ ಮನೆಗಳು. ಹೆಂಡತಿಗೆ ಕಳಿಸಿದ ಪಾನನಿಷೇಧದ ಪ್ರತಿಜ್ಞೆಯನ್ನು ಗಂಡ ನೋಡಿಬಿಡುತ್ತಾನೆ, ಗಂಡನಿಗೆ ಕಳಿಸಿದ ಅಗ್ಗದ ಮದ್ಯದ ಭರವಸೆಯನ್ನು ಹೆಂಡತಿ ನೋಡಿಬಿಡುತ್ತಾಳೆ. ಪ್ರತಿ ಮತದಾರರಿಗೂ ಪ್ರತ್ಯೇಕ ಫೋನು ಹಂಚುವ ಯೋಜನೆಯನ್ನು ಪ್ರಣಾಳಿಕೆಯ ಮೊದಲ ಪುಟದಲ್ಲೇ ಸೇರಿಸುವುದು ಒಳಿತು.

ಮತಪತ್ರ ಮಾತ್ರ ಹಳೆಯ ಕಾಲದಲ್ಲೇ ಉಳಿದಿದೆ. ರೈತನ ಮಗನೂ ಸೈನಿಕನ ಮಗನೂ ಅಲ್ಲಿ ಒಂದೇ ಹೆಸರಿನಲ್ಲಿ, ಒಂದೇ ಚಿಹ್ನೆಯಡಿ ನಿಲ್ಲಬೇಕು. ಗೆದ್ದ ಮೇಲೂ ಪ್ರಮಾಣವಚನಕ್ಕೆ ಒಬ್ಬರೇ ಬರುತ್ತಾರೆ. ಆದರೆ ಆಡಳಿತಕ್ಕೆ ಈ ಇಕ್ಕಟ್ಟು ಇರಬೇಕಾಗಿಲ್ಲ. ಸ್ಟುಡಿಯೊ ಇದೆ, ಹಸಿರು ಪರದೆ ಇದೆ, ಯಾರಿಗೆ ಏನು ಬೇಕೆಂಬ ಪಟ್ಟಿಯೂ ಕೈಯಲ್ಲಿದೆ. ಸೇತುವೆ ಕೇಳಿದವರಿಗೆ ಸೇತುವೆಯ ಉದ್ಘಾಟನೆಯ ವಿಡಿಯೊ, ಆಸ್ಪತ್ರೆ ಕೇಳಿದವರಿಗೆ ಆಸ್ಪತ್ರೆಯ ವಿಡಿಯೊ ಕಳಿಸಿದರಾಯಿತು. ಹೊಳೆ ದಾಟಬೇಕಾದವರು ವಿಡಿಯೊವನ್ನು ಪೂರ್ತಿ ನೋಡಿ, ಲೈಕ್ ಒತ್ತಿ, ನೀರಿಗಿಳಿಯಬಹುದು.