ಉಪ್ಪಿನ ಬೆಣ್ಣೆ ತುಟಿಗೆ ಹಚ್ಚಿಕೊಂಡ ಕಥೆ

ಡಿಸೆಂಬರ್ ಚಳಿ ಬಿದ್ದರೆ ಸಾಕು, ನನ್ನ ತುಟಿ ಒಡೆಯುತ್ತದೆ. ಮೊನ್ನೆ ರಾತ್ರಿ ಅಜ್ಜಿಯ ಔಷಧಿ ನೆನಪಾಗಿ ಫ್ರಿಜ್ಜಿನಲ್ಲಿದ್ದ ಬೆಣ್ಣೆಯನ್ನು ದಪ್ಪಗೆ ಮೆತ್ತಿಕೊಂಡೆ. ಅರ್ಧ ನಿಮಿಷ ಆಗಿಲ್ಲ, ಉರಿ ಶುರು. ಬ್ರೆಡ್ಡಿಗೆ ಹಚ್ಚುವ ಪ್ಯಾಕೆಟ್ ಬೆಣ್ಣೆ ಅದು, ಉಪ್ಪು ಹಾಕಿದ್ದು! ಬನಶಂಕರಿಯ ಬಾಡಿಗೆ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಒಬ್ಬನೇ ಕುಣಿದೆ.

ಅಜ್ಜಿಯ ಬೆಣ್ಣೆಯೇ ಬೇರೆ. ನಮ್ಮೂರು ಅರಸೀಕೆರೆ ಕಡೆ. ರಾತ್ರಿ ಹೆಪ್ಪು ಹಾಕಿ, ಬೆಳಗ್ಗೆ ಬಿಸಿಲೇರುವ ಮೊದಲೇ ಮೊಸರು ಕಡೆಯಲು ಕೂರುತ್ತಿದ್ದಳು. ಹೊತ್ತೇರಿದರೆ ಬೆಣ್ಣೆ ಮೆತ್ತಗಾಗಿ ಕೂಡಿಕೊಳ್ಳುವುದಿಲ್ಲ. ಕಡೆಗೋಲಿನ ಸದ್ದು ಬದಲಾದ ಕೂಡಲೇ ಒಂದು ಚೊಂಬು ತಣ್ಣೀರು ಹುಯ್ಯುವಳು. ತೇಲಿ ಬಂದದ್ದನ್ನು ತೊಳೆದು ಉಂಡೆ ಕಟ್ಟಿದ ಮೇಲೆ ಕೈಗೆ ಅಂಟಿದ್ದೇ ಔಷಧಿ. ನಮ್ಮ ತುಟಿಗೆ, ಅವಳ ಒಡೆದ ಹಿಮ್ಮಡಿಗೆ, ಉಳಿದದ್ದು ಕೊಟ್ಟಿಗೆಗೆ. ಹಸುವಿನ ಮೊಲೆತೊಟ್ಟು ಬಿರಿದರೆ ಕರೆಯುವಾಗ ಒದೆಯುತ್ತದೆ, ಅಲ್ವಾ?

ಇದರಲ್ಲಿ ಪವಾಡ ಏನಿಲ್ಲ. ಬೆಣ್ಣೆಯಲ್ಲಿ ನೂರಕ್ಕೆ 80ರಷ್ಟು ಕೊಬ್ಬು. ಚರ್ಮದ ಮೇಲೆ ಪದರ ಕಟ್ಟಿ ಒಳಗಿನ ಪಸೆ ಆರದಂತೆ ನೋಡಿಕೊಳ್ಳುತ್ತದೆ. ವ್ಯಾಸಲೀನ್ ಮಾಡುವುದೂ ಅದನ್ನೇ. ಆಯುರ್ವೇದದವರು ತುಪ್ಪವನ್ನೇ ನೂರು ಸಲ ನೀರಲ್ಲಿ ತೊಳೆದು ಬೆಳ್ಳಗೆ ಕ್ರೀಮಿನಂತೆ ಮಾಡುತ್ತಾರೆ, ಶತಧೌತ ಘೃತ ಅಂತ. ಈಗ ಅದೂ ಚೆಂದದ ಡಬ್ಬಿಯಲ್ಲಿ ಆನ್‌ಲೈನಿನಲ್ಲಿ ಸಿಗುತ್ತದೆ. ಬೆಲೆ ನೋಡಿದರೆ ಅಜ್ಜಿ ಹಸು ಮಾರುತ್ತಲೇ ಇರಲಿಲ್ಲ.

ನನ್ನ ತಕರಾರು ಬೇರೆ ಇದೆ. ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಂದು ಮೆಸೇಜು: ಸುಟ್ಟ ಗಾಯಕ್ಕೆ ಬೆಣ್ಣೆ ಹಚ್ಚಿ. ದಯವಿಟ್ಟು ಬೇಡ. ಹೈಸ್ಕೂಲಲ್ಲಿದ್ದಾಗ ನನ್ನ ಅಂಗೈ ಕಾವಲಿಗೆ ತಗುಲಿತ್ತು. ಅಮ್ಮ ಗಾಬರಿಯಲ್ಲಿ ಬೆಣ್ಣೆ ಬಳಿದಳು. ಡಾಕ್ಟರು ನೋಡಿ, ‘ಏನಮ್ಮಾ, ಬೆಣ್ಣೆ ದೋಸೆ ಮಾಡಿದ್ದೀರಾ?’ ಅಂದರು. ಆಮೇಲೆ ಅದನ್ನು ಒರೆಸಿ ತೆಗೆಯುವಾಗ ನಾನು ಕಿರುಚಿದ್ದು ಬೀದಿಗೆಲ್ಲ ಕೇಳಿಸಿತ್ತು. ಜಿಡ್ಡು ಕಾವನ್ನು ಒಳಗೇ ಹಿಡಿದಿಡುತ್ತದೆ. ಸುಟ್ಟ ತಕ್ಷಣ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಬೇಕು, ಅಷ್ಟೇ.

ಹಸುಗೂಸಿನ ಹೊಕ್ಕುಳಿಗೆ ಬೆಣ್ಣೆ, ತುಪ್ಪ ಸವರುವುದಂತೂ ಇನ್ನೂ ಅಪಾಯ. ಹಸಿ ಗಾಯ ಅದು, ನಂಜೇರಬಹುದು. ಧನುರ್ವಾಯುವಿನ ಭಯವೂ ಉಂಟು. ಶುಭ್ರವಾಗಿ, ಒಣಗಿದಂತೆ ಬಿಟ್ಟರೆ ಹೊಕ್ಕುಳಬಳ್ಳಿಯ ತುಂಡು ತಾನೇ ಉದುರುತ್ತದೆ. ಹಳ್ಳಿಯವರು ಮಾಡಿದ್ದೆಲ್ಲ ಸರಿ ಅಂತ ನಾನೇನೂ ಹೇಳಲಾರೆ. ಆದರೆ ಅಜ್ಜಿ ಸರ್ವರೋಗಕ್ಕೂ ಬೆಣ್ಣೆ ಅಂದವಳೂ ಅಲ್ಲ. ಕೆಮ್ಮು ಬಂದರೆ ಮುಟ್ಟಲೂ ಬಿಡುತ್ತಿರಲಿಲ್ಲ. ಮೈಗೆ ಹಚ್ಚುವುದಾದರೆ ಅವತ್ತಿನದೇ ಆಗಬೇಕು. ಮುಗ್ಗಲು ವಾಸನೆ ಬಂದದ್ದು ಸೀದಾ ಕಾಯಿಸಲು.

ತುಟಿಯ ಕಥೆ ಹೇಳೋಣ ಅಂತ ನಿನ್ನೆ ಅಜ್ಜಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಒಂದು ಕ್ಷಣ ಸುಮ್ಮನಿದ್ದಳು.

‘ಬೆಣ್ಣೆಗೆ ಯಾಕೋ ಮಗ ಉಪ್ಪು? ಉಪ್ಪಿನಕಾಯಿ ಹಾಕ್ತಾರಾ ಅದನ್ನ?’