ಮಾಜಿ ಮೃತರೊಡನೆ ಒಂದು ಸಂಜೆ

ಸಂದರ್ಶಕರ ಜೋಳಿಗೆಯಲ್ಲಿ ಒಂದು ಪ್ರಶ್ನೆ ಖಾಯಂ ಆಗಿ ಇರುತ್ತದೆ. ಬದುಕಿರುವವರಾಗಲಿ, ತೀರಿಕೊಂಡವರಾಗಲಿ, ಯಾರಾದರೂ ಒಬ್ಬರೊಡನೆ ಒಂದು ಸಂಜೆ ಮಾತನಾಡುವ ಅವಕಾಶ ಸಿಕ್ಕರೆ ಯಾರನ್ನು ಆರಿಸಿಕೊಳ್ಳುತ್ತೀರಿ? ಸಿನಿಮಾ ನಟರು ವಿವೇಕಾನಂದರ ಹೆಸರು ಹೇಳುತ್ತಾರೆ. ರಾಜಕಾರಣಿಗಳು ಸಭೆ ಸೇರಿದ ಊರು ಯಾವುದೆಂದು ನೋಡಿಕೊಂಡು ಬಸವಣ್ಣನವರನ್ನೋ ಕುವೆಂಪು ಅವರನ್ನೋ ನೆನೆಯುತ್ತಾರೆ. ಸೆಪ್ಟೆಂಬರ್ 15 ಹತ್ತಿರವಿದ್ದರೆ ರಸ್ತೆ ಗುತ್ತಿಗೆದಾರರಿಗೂ ವಿಶ್ವೇಶ್ವರಯ್ಯನವರೊಡನೆ ಹರಟುವ ಆಸೆ ಹುಟ್ಟುತ್ತದೆ. ಬದುಕಿರುವವರ ಗೊಡವೆಗೆ ಯಾರೂ ಹೋಗುವುದಿಲ್ಲ. ತೀರಿಕೊಂಡವರು ಮರುಪ್ರಶ್ನೆ ಹಾಕುವುದಿಲ್ಲವೆಂಬ ಧೈರ್ಯ ದೊಡ್ಡದು. ವಿಶ್ವೇಶ್ವರಯ್ಯನವರು ನಿಜಕ್ಕೂ ಎದ್ದು ಬಂದು, ‘ಮೊದಲು ಅಳತೆ ಪುಸ್ತಕ ತೆಗೆಯಿರಿ’ ಎಂದರೆ ಆ ಸಂಜೆ ಎಷ್ಟು ನಿಮಿಷ ನಡೆದೀತು?

ನನ್ನನ್ನು ಯಾರೂ ಕೇಳಿಲ್ಲ. ಆದರೂ ಉತ್ತರ ಸಿದ್ಧವಿದೆ. ಬದುಕಿರುವವರೋ ಸತ್ತವರೋ ಎಂದು ಆರಿಸುವ ಕಷ್ಟವನ್ನೇ ತಪ್ಪಿಸಲು, ಎರಡೂ ಆಗಿ ನೋಡಿದ ಒಬ್ಬರನ್ನು ಕರೆಯುತ್ತೇನೆ. ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ‘ಮೃತಕ್’. ಮೃತಕ್ ಎಂಬುದು ಮನೆತನದ ಹೆಸರಲ್ಲ, ಸರ್ಕಾರ ದಯಪಾಲಿಸಿದ ಸ್ಥಿತಿ. ಅದನ್ನು ಅವರು ಪದವಿಯಂತೆ ಹೆಸರಿನ ಮುಂದೆ ಸೇರಿಸಿಕೊಂಡರು.

1970ರ ದಶಕದ ನಡುಭಾಗದ ಮಾತು. ಇಪ್ಪತ್ತರ ಆಸುಪಾಸಿನ ಹುಡುಗ ಬ್ಯಾಂಕ್ ಸಾಲ ಪಡೆಯಲು ಬೇಕಾದ ದಾಖಲೆ ಕೇಳಿಕೊಂಡು ಕಂದಾಯ ಕಚೇರಿಗೆ ಹೋದರೆ, ಕಡತದ ಪ್ರಕಾರ ಆತ ತೀರಿಕೊಂಡಾಗಿತ್ತು. ಒಂದು ಎಕರೆಯೂ ಇಲ್ಲದ ಪಿತ್ರಾರ್ಜಿತ ಜಮೀನಿಗಾಗಿ ಚಿಕ್ಕಪ್ಪನೇ ಲಂಚ ಕೊಟ್ಟು ಈ ಸಾವನ್ನು ಬರೆಸಿದ್ದ. ಚಾಕು ಬೇಕಾಗಲಿಲ್ಲ, ವಿಷ ಬೇಕಾಗಲಿಲ್ಲ, ಒಂದು ಸಾಲು ಶಾಯಿ ಸಾಕಾಯಿತು. ಕೊಲೆಯೆಂದು ದೂರು ಕೊಡೋಣವೆಂದರೆ ದೂರುದಾರನೇ ಹೆಣ.

ಆಮೇಲಿನ ಹದಿನೆಂಟು ಹತ್ತೊಂಬತ್ತು ವರ್ಷ ಲಾಲ್ ಬಿಹಾರಿ ಮಾಡಿದ್ದನ್ನು ಬದುಕಿರುವ ಯಾರೂ ಮಾಡಿರಲಾರರು. ಚಿಕ್ಕಪ್ಪನ ಮಗನನ್ನು ಅಪಹರಿಸಿದರು. ಪೊಲೀಸರು ಬಂಧಿಸಿದರೆ ಠಾಣೆಯ ಪುಸ್ತಕದಲ್ಲಾದರೂ ಜೀವ ಬರುತ್ತದೆಂಬ ಲೆಕ್ಕ. ತಮ್ಮ ಶವಸಂಸ್ಕಾರವನ್ನು ತಾವೇ ಏರ್ಪಡಿಸಿಕೊಂಡರು. ಹೆಂಡತಿಗೆ ವಿಧವೆಯರ ಪರಿಹಾರ ಕೊಡಿ ಎಂದು ಕೇಳಿದರು. ಈ ಕೊನೆಯದು ನನ್ನ ಮೆಚ್ಚಿನ ಅರ್ಜಿ. ಪರಿಹಾರ ಕೊಡಲೊಪ್ಪದಿದ್ದರೆ ಗಂಡ ಬದುಕಿದ್ದಾನೆಂದು ಸರ್ಕಾರ ಒಪ್ಪಿದಂತೆ. ಕೊಟ್ಟರೆ, ಸತ್ತವರಿಂದ ಅರ್ಜಿ ಸ್ವೀಕರಿಸಿದಂತೆ. ಇಂಥ ಅರ್ಜಿಗೆ ಟಿಪ್ಪಣಿ ಬರೆಯಬೇಕಾದ ಗುಮಾಸ್ತರ ಮುಖವನ್ನು ನೆನೆದರೇ ನನಗೆ ಹೊತ್ತು ಹೋಗುತ್ತದೆ.

ಚುನಾವಣೆಗೂ ನಿಂತರು, ಅದೂ ಸಣ್ಣಪುಟ್ಟವರ ಎದುರಲ್ಲ. 1988ರಲ್ಲಿ ಅಲಹಾಬಾದಿನ ಉಪಚುನಾವಣೆಯಲ್ಲಿ ವಿ.ಪಿ. ಸಿಂಗ್ ವಿರುದ್ಧ, 1989ರಲ್ಲಿ ಅಮೇಥಿಯಲ್ಲಿ ರಾಜೀವ್ ಗಾಂಧಿ ವಿರುದ್ಧ. ಒಬ್ಬರು ಮುಂದೆ ಪ್ರಧಾನಿಯಾಗುವವರು, ಇನ್ನೊಬ್ಬರು ಆಗ ಪ್ರಧಾನಿಯಾಗಿದ್ದವರು. ಎರಡೂ ಕಡೆ ಸೋತರು. ಸೋಲಲಿ ಬಿಡಿ, ಉಸಿರಾಡದವರು ಸೋಲಲಾದರೂ ಹೇಗೆ ಸಾಧ್ಯ? ಆದರೆ ಚುನಾವಣೆಯ ಮೇಜು ಒಪ್ಪಿದ ಜೀವವನ್ನು ಕಂದಾಯದ ಮೇಜು ಒಪ್ಪಲಿಲ್ಲ. ತಮ್ಮಂತೆಯೇ ಕಾಗದದಲ್ಲಿ ಸತ್ತವರು ಇನ್ನೂ ಬೇಕಾದಷ್ಟು ಇದ್ದಾರೆಂದು ತಿಳಿದಾಗ ಅವರು ಉತ್ತರ ಪ್ರದೇಶ ಮೃತಕ್ ಸಂಘವನ್ನು ಕಟ್ಟಿದರು. 1994ರಲ್ಲಿ ಕಂದಾಯ ದಾಖಲೆ ಅವರಿಗೆ ಜೀವ ಮರಳಿಸಿತು. 2003ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಕೆಲಸಗಳಿಗೆಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಆಗ ಕೊಡುತ್ತಿದ್ದ ಇಗ್ ನೊಬೆಲ್‌ನ ಶಾಂತಿ ಪ್ರಶಸ್ತಿಯೂ ಬಂತು. ಪಾಸ್‌ಪೋರ್ಟನ್ನು ಭಾರತ ಕೊಟ್ಟಿತು. ಒಳಗೆ ಬಿಡಲು ಅಮೆರಿಕ ಒಪ್ಪಲಿಲ್ಲ. ಯಮಲೋಕದಿಂದ ಮರಳಿ ಬರಲು ಸಿಕ್ಕ ಅನುಮತಿ ಹಾರ್ವರ್ಡಿಗೆ ಹೋಗಲು ಸಿಗಲಿಲ್ಲ.

ಇಂಥವರ ಎದುರು ಕುಳಿತರೆ ಕೇಳಲು ಪ್ರಶ್ನೆಗಳಿಗೆ ಬರವೇ? ಸತ್ತಿದ್ದ ಆ ವರ್ಷಗಳಲ್ಲಿ ಸಾಲ ಕೇಳಲು ನೆಂಟರು ಬರುತ್ತಿದ್ದರೇ? ಚಿಕ್ಕಪ್ಪ ನಿಮ್ಮ ಶ್ರಾದ್ಧವನ್ನಾದರೂ ನೆಟ್ಟಗೆ ಮಾಡಿಸಿದರೇ, ಅಥವಾ ಅದಕ್ಕೂ ಜಿಪುಣತನವೇ? ಜೀವ ಮರಳಿ ಬಂದಾಗ ಏನಾದರೂ ವ್ಯತ್ಯಾಸ ಅನಿಸಿತೇ, ಹಸಿವು ಸ್ವಲ್ಪ ಹೆಚ್ಚಾಯಿತೇ? ಇಷ್ಟಾದ ಮೇಲೂ ‘ಮೃತಕ್’ ಎಂಬ ಹೆಸರನ್ನು ಬಿಡದಿರುವುದು ಮುನ್ನೆಚ್ಚರಿಕೆಯೋ, ಹೇಗಿದ್ದರೂ ಮತ್ತೆ ಯಾರಾದರೂ ಬರೆಯುತ್ತಾರೆಂದು?

ಇದು ಮುಗಿದ ಕಾಲದ ಕಥೆಯೆಂದು ಯಾರಾದರೂ ಹೇಳಿದರೆ ಅವರನ್ನು 2025ರ ಆಗಸ್ಟಿಗೆ ಕಳುಹಿಸುತ್ತೇನೆ. ಬಿಹಾರದ ಕರಡು ಮತದಾರರ ಪಟ್ಟಿಯಲ್ಲಿ ಸತ್ತವರೆಂದು ಹೆಸರು ಕಳೆದುಕೊಂಡ ಇಬ್ಬರನ್ನು ಯೋಗೇಂದ್ರ ಯಾದವ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಮುಂದೆಯೇ ನಿಲ್ಲಿಸಿದರು. ಚುನಾವಣಾ ಆಯೋಗದ ವಕೀಲರು ಅದನ್ನು ನಾಟಕವೆಂದರು. ನಿಜವೇ. ಸತ್ತ ಪಾತ್ರಧಾರಿಗಳು ರಂಗದ ಮೇಲೆ ನಡೆದು ಬಂದದ್ದು ನಾಟಕದ ನಿಯಮಕ್ಕೂ ವಿರುದ್ಧ.

ಉತ್ತರದವರನ್ನು ನೋಡಿ ನಗುವ ಮುನ್ನ ನಮ್ಮ ಪಹಣಿಯನ್ನೂ ಒಮ್ಮೆ ತೆಗೆದು ನೋಡುವುದು ಒಳ್ಳೆಯದು. ಅಲ್ಲಿ ಬದುಕಿರುವವರು ಕಾಗದದಲ್ಲಿ ಸತ್ತರೆ, ಇಲ್ಲಿ ಸತ್ತವರು ಕಾಗದದಲ್ಲಿ ಸುಖವಾಗಿ ಬಾಳುತ್ತಿದ್ದಾರೆ. ಕರ್ನಾಟಕದಲ್ಲಿ ಲಕ್ಷಗಟ್ಟಲೆ ಜಮೀನು ಇನ್ನೂ ಅಜ್ಜ ಮುತ್ತಜ್ಜಂದಿರ ಹೆಸರಿನಲ್ಲಿದೆ. ಸುಮಾರು 2000ದ ಹೊತ್ತಿಗೆ ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಏರಿದಾಗ ಅಜ್ಜನೂ ಅದರೊಡನೆ ಏರಿ ಕುಳಿತ. ಬದುಕಿದ್ದಾಗ ಬಸ್ಸು ಹತ್ತಲು ಅಂಜುತ್ತಿದ್ದವನು ಈಗ ಸರ್ವರಿನಲ್ಲಿ ವಾಸವಾಗಿದ್ದಾನೆ. ಮೊಮ್ಮಗ ಬೆಳೆ ಸಾಲಕ್ಕೆ ಹೋದರೆ ಪಹಣಿ ಯಾರ ಹೆಸರಿನಲ್ಲಿದೆ ಎನ್ನುತ್ತಾರೆ. ಅಜ್ಜನ ಹೆಸರಿನಲ್ಲಿದೆ ಎಂದರೆ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿಕೊಂಡು ಬಾ ಎನ್ನುತ್ತಾರೆ. ಅದಕ್ಕೆ ವಂಶವೃಕ್ಷ ಬೇಕು, ಮರಣ ಪ್ರಮಾಣಪತ್ರ ಬೇಕು. ಅಜ್ಜ ಸತ್ತಾಗ ಊರಿಗೆಲ್ಲ ತಿಥಿಯೂಟ ಹಾಕಿದ್ದರೇ ಹೊರತು ಸಾವನ್ನು ನೋಂದಾಯಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ. ಈಗ ನೋಂದಾಯಿಸಬೇಕೆಂದರೆ ಮ್ಯಾಜಿಸ್ಟ್ರೇಟರ ಆದೇಶವೇ ಆಗಬೇಕು. ಆಜಂಗಢದಲ್ಲಿ ಬದುಕಿದ್ದವನನ್ನು ಸಾಯಿಸಲು ಒಬ್ಬ ಚಿಕ್ಕಪ್ಪ ಸಾಕಾದ. ನಮ್ಮಲ್ಲಿ ಸತ್ತವನನ್ನು ಸಾಯಿಸಲು ಇಡೀ ವಂಶವೇ ಸಹಿ ಹಾಕಬೇಕು, ಮುಂಬಯಿಗೆ ಹೋದ ಅತ್ತೆ ಸೇರಿದಂತೆ. ಆಕೆ ಬರುವುದಿಲ್ಲ. ಬಂದರೆ ಪಾಲು ಕೇಳುತ್ತಾಳೆ.

ಹಾಗಾಗಿ ಸಂದರ್ಶಕರು ಆ ಪ್ರಶ್ನೆಯನ್ನು ಹಳ್ಳಿಯ ಕಡೆಗೂ ಒಯ್ಯಬೇಕು. ತೀರಿಕೊಂಡವರಲ್ಲಿ ಯಾರೊಡನೆ ಮಾತನಾಡಲು ಇಷ್ಟ? ವಿವೇಕಾನಂದರ ಹೆಸರು ಅಲ್ಲಿ ಬರುವುದಿಲ್ಲ. ‘ಅಜ್ಜನೊಡನೆ, ಸ್ವಾಮಿ. ಮಾತು ಕೂಡ ಬೇಡ, ಎರಡು ಕಡೆ ಹೆಬ್ಬೆಟ್ಟು ಒತ್ತಿ ಹೋದರೆ ಸಾಕು.’

ಲಾಲ್ ಬಿಹಾರಿ ಅವರನ್ನು ನಮ್ಮಲ್ಲಿನ ಯಾವುದಾದರೂ ಸರ್ಕಾರಿ ಸಮಾರಂಭಕ್ಕೆ ಕರೆಸಬೇಕೆಂಬುದು ನನ್ನ ಆಸೆ. ಕರೆಸಿದರೆ ಏನಾಗುತ್ತದೆಂಬುದನ್ನೂ ಊಹಿಸಬಲ್ಲೆ. ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರಿನ ಹಿಂದೆ ‘ಶ್ರೀ’ ಹಾಕಬೇಕೋ ‘ದಿ.’ ಹಾಕಬೇಕೋ ಎಂದು ಕಡತ ನಾಲ್ಕು ಮೇಜು ಸುತ್ತುತ್ತದೆ. ಜಂಟಿ ನಿರ್ದೇಶಕರು ಎರಡನ್ನೂ ಹಾಕಿ ಎಂದು ಬರೆದು ರಜೆ ಮೇಲೆ ಹೋಗುತ್ತಾರೆ. ಕೊನೆಗೆ ಲೆಕ್ಕಪತ್ರ ಶಾಖೆಯ ಟಿಪ್ಪಣಿ ಬರುತ್ತದೆ: ‘ಸದರಿ ಅತಿಥಿಗಳು ಈ ಹಿಂದೆ ಮೃತರಾಗಿದ್ದ ಬಗ್ಗೆ ಕಡತದಲ್ಲಿ ದಾಖಲೆ ಇರುವುದರಿಂದ, ಅವರ ಪ್ರಯಾಣ ವೆಚ್ಚವನ್ನು ಅತಿಥಿ ಸತ್ಕಾರದ ಲೆಕ್ಕ ಶೀರ್ಷಿಕೆಯಲ್ಲಿ ಭರಿಸಬೇಕೇ ಅಥವಾ ಪಾರ್ಥಿವ ಶರೀರ ಸಾಗಣೆಯ ಲೆಕ್ಕ ಶೀರ್ಷಿಕೆಯಲ್ಲಿ ಭರಿಸಬೇಕೇ ಎಂಬ ಬಗ್ಗೆ ಆರ್ಥಿಕ ಇಲಾಖೆಯ ಸ್ಪಷ್ಟೀಕರಣ ಕೋರಬಹುದು. ಸೂಕ್ತ ಆದೇಶಕ್ಕಾಗಿ ಮಂಡಿಸಿದೆ.’