ಅರಿಶಿನ ಮಂಕಾಗಿದ್ದರೆ ಬೇಜಾರಾಗಬೇಡಿ

ಮೊನ್ನೆ ನಮ್ಮ ಅತ್ತಿಗೆ ಫೋನ್ ಮಾಡಿ, "ನೀನು ಕೊಟ್ಟ ಅರಿಶಿನಕ್ಕೆ ಬಣ್ಣಾನೇ ಇಲ್ವಲ್ಲೇ, ಹಳೇದಾ?" ಅಂತ ಕೇಳಿದರು. ಹಳೆಯದಲ್ಲ. ಗುಂಡ್ಲುಪೇಟೆ ಕಡೆಯ ರೈತರ ಮನೆಯಿಂದ ಕೊಂಬು ತಂದು, ಕುಟ್ಟಿ, ಮಿಲ್ಲಿಗೆ ಕೊಟ್ಟು ಪುಡಿ ಮಾಡಿಸಿದ್ದು. ಕೊಂಬಿನ ಮೇಲೆಲ್ಲ ಮಾಸಲು ಕಂದು. ಮುರಿದರೆ ಮಾತ್ರ ಒಳಗೆ ಕಿತ್ತಳೆ ಬಣ್ಣ, ಹಸಿ ಮಣ್ಣಿನಂಥ ಘಮ. ಪಳಪಳ ಹಳದಿ ನೋಡಿ ನೋಡಿ ನಮ್ಮ ಕಣ್ಣಿಗೆ ಇದು ಹಿಡಿಸಲ್ಲ, ಅಷ್ಟೇ.

ನನಗೆ ಭಯ ಇರುವುದೇ ಆ ಪಳಪಳದ ಬಗ್ಗೆ. ಕೊಂಬನ್ನು ಬೇಯಿಸಿ, ಒಣಗಿಸಿ, ಡ್ರಮ್ಮಿನಲ್ಲಿ ತಿರುಗಿಸಿ ಪಾಲಿಶ್ ಮಾಡುತ್ತಾರೆ. ಕೆಲವರು ಆಗ ಲೆಡ್ ಕ್ರೋಮೇಟ್ ಸೇರಿಸುತ್ತಾರೆ. ಅದು ಪೇಂಟಿಗೆ ಹಾಕುವ ಹಳದಿ, ಸೀಸ ಇರುವಂಥದ್ದು. ಬಾಂಗ್ಲಾದೇಶದಲ್ಲಿ 1980ರ ದಶಕದ ನೆರೆಯಲ್ಲಿ ನೆನೆದು ಮಂಕಾದ ಕೊಂಬನ್ನು ಮಾರಲು ಶುರುವಾದ ಚಾಳಿ. 2019ರಲ್ಲಿ ಸಂಶೋಧಕರು ಅದನ್ನು ಬಯಲು ಮಾಡಿದಾಗ ಪೇಟೆಯ ಸ್ಯಾಂಪಲ್‌ಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಇತ್ತು. ಸರ್ಕಾರ ದಾಳಿ ಮಾಡಿ ದಂಡ ಹಾಕಿತು. 2021ಕ್ಕೆ ಅದು ಸೊನ್ನೆ! ಮನಸ್ಸು ಮಾಡಿದರೆ ಆಗುತ್ತೆ, ಅಲ್ವಾ?

ನಮ್ಮ ದೇಶದಲ್ಲೂ ಇದೆ. ಅರಿಶಿನದಲ್ಲಿ ಸೀಸ ಗ್ರಾಮಿಗೆ 10 ಮೈಕ್ರೋಗ್ರಾಂ ಮೀರಬಾರದು ಅಂತ ನಿಯಮ. 2024ರಲ್ಲಿ ಬಂದ ವರದಿಯಲ್ಲಿ ಪಟ್ನಾದ ಅರಿಶಿನದಲ್ಲಿ ಸಾವಿರ ದಾಟಿತ್ತು. ಸೀಸ ಮಕ್ಕಳ ಮೆದುಳಿಗೆ ಪೆಟ್ಟು ಕೊಡುತ್ತದೆ. ಎಷ್ಟು ಕುದಿಸಿದರೂ ಹೋಗಲ್ಲ. ಲೋಟದ ನೀರಿಗೆ ಹಾಕಿ ನೋಡುವ ಪರೀಕ್ಷೆಯನ್ನು ದಯವಿಟ್ಟು ನಂಬಿ ಕೂರಬೇಡಿ, ಸರಿಯಾಗಿ ಗೊತ್ತಾಗುವುದು ಲ್ಯಾಬ್‌ನಲ್ಲೇ. ಅದಕ್ಕೇ ನಾನು ಪುಡಿ ಕೊಳ್ಳುವುದನ್ನು ಬಿಟ್ಟೆ. ಕೊಂಬನ್ನೂ ಉಜ್ಜಿ ನೋಡುತ್ತೇನೆ. ಮುರಿಯುವ ಮೊದಲೇ ಬೆರಳಿಗೆಲ್ಲ ಗಾಢ ಹಳದಿ ಮೆತ್ತಿಕೊಂಡರೆ ವಾಪಸ್ ಇಟ್ಟು ಬರುತ್ತೇನೆ.

ಇನ್ನೊಂದು ಮಾತು. ಅತ್ತಿಗೆ ಮಂಡಿನೋವಿಗೆ ಅಂತ ಯಾರದೋ ಮಾತು ಕೇಳಿ ಕರ್ಕ್ಯುಮಿನ್ (ಅರಿಶಿನಕ್ಕೆ ಹಳದಿ ಕೊಡುವ ಅಂಶ) ಮಾತ್ರೆ ನುಂಗುತ್ತಿದ್ದಾರೆ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದೇ ಶೇ 3ರ ಆಸುಪಾಸು, ಅದು ಮೈಗೆ ಹತ್ತುವುದೂ ಕಮ್ಮಿ. ಕಾಳುಮೆಣಸಿನ ಪೈಪರಿನ್ ಜೊತೆ ಕೊಟ್ಟರೆ ಸುಮಾರು 20 ಪಟ್ಟು ಜಾಸ್ತಿ ರಕ್ತಕ್ಕೆ ಸೇರುತ್ತದೆ ಅಂತ 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ ತೋರಿಸಿದರು. ಈಗ ಬಹಳಷ್ಟು ಮಾತ್ರೆಗಳಲ್ಲಿ ಎರಡನ್ನೂ ತುಂಬಿರುತ್ತಾರೆ. ಇಂಥವು ತಿಂದು ಲಿವರ್ ಕೆಟ್ಟವರ ವರದಿಗಳು ಅಮೆರಿಕ, ಇಟಲಿ, ಆಸ್ಟ್ರೇಲಿಯಾದಿಂದ ಬಂದಿವೆ. ಹುಳಿಗೆ ಹಾಕುವ ಚಿಟಿಕೆಗೂ ಇದಕ್ಕೂ ಎಲ್ಲಿಯ ಹೋಲಿಕೆ?

ಇಷ್ಟೆಲ್ಲ ಹೇಳಿದ ಮೇಲೆ ಮಾತ್ರೆ ಡಬ್ಬಿಯನ್ನು ಡಾಕ್ಟರಿಗೆ ತೋರಿಸುತ್ತೇನೆ ಅಂದರು. ಭಾನುವಾರ ಉಳಿದ ಕೊಂಬು ತಗೊಂಡು ಅವರ ಮನೆಗೇ ಹೋಗುತ್ತಿದ್ದೇನೆ. ಕುಟ್ಟುವುದಕ್ಕೆ ಅವರ ಒರಳೇ ದೊಡ್ಡದು.